ಹೊಸ ಗಣಕಯಂತ್ರಕ್ಕೆ ಯಾವ ತಂತ್ರಾಂಶ? ಕೆ.ಜಿ.ಎಫ್. – ಬಂಗಾರಪೇಟೆಯ ವರ್ತಕರು ಮತ್ತು ಸಣ್ಣ ಉದ್ದಿಮೆದಾರರಿಗೆ ಒಂದು ಮಾರ್ಗದರ್ಶಿ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಆಫೀಸ್ 2016 ಮತ್ತು ಆಫೀಸ್ 2019 ಆವೃತ್ತಿಗಳ ಬೆಂಬಲವೂ ಅದೇ ದಿನ ಕೊನೆಗೊಂಡಿತು. ಅಂಗಡಿ, ಗಿರಣಿ ಮತ್ತು ಕಾರ್ಖಾನೆಗಳಲ್ಲಿ ಎಂಟು ಹತ್ತು ವರ್ಷಗಳಿಂದ ದುಡಿಯುತ್ತಿರುವ ಅನೇಕ ಗಣಕಯಂತ್ರಗಳಿಗೆ ಇದರಿಂದ ಬದಲಾವಣೆಯ ಕಾಲ ಬಂದಿದೆ. ಯಂತ್ರವನ್ನು ಕೊಳ್ಳುವಾಗ ಬೆಲೆ, ಪರದೆಯ ಅಳತೆ, ಖಾತರಿಯ ಅವಧಿ ಇವೆಲ್ಲವನ್ನೂ ವಿಚಾರಿಸುವ ವರ್ತಕರು, ಅದರೊಳಗೆ ಯಾವ ತಂತ್ರಾಂಶ ಇರಬೇಕೆಂಬುದನ್ನು ಮಾತ್ರ ಮಾರಾಟಗಾರನ ವಿವೇಚನೆಗೆ ಬಿಟ್ಟುಬಿಡುವುದು ವಾಡಿಕೆ. ಆದರೆ ವ್ಯಾಪಾರದ ನಿಜವಾದ ಆಸ್ತಿ ಯಂತ್ರವಲ್ಲ, ಅದರಲ್ಲಿರುವ ಕಿರ್ದಿ ಮತ್ತು ಖಾತೆ. ಆ ಕಿರ್ದಿ-ಖಾತೆಗಳ ಸುಭದ್ರತೆಯನ್ನು ನಿರ್ಧರಿಸುವುದು ತಂತ್ರಾಂಶ.

ಕೆ.ಜಿ.ಎಫ್. ಪ್ರದೇಶಕ್ಕೆ ಹೊಸ ತಂತ್ರಜ್ಞಾನವೇನೂ ಅಪರಿಚಿತವಲ್ಲ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಉದ್ದದ ತಂತಿಯ ಮೂಲಕ 1902ರಲ್ಲಿಯೇ ಇಲ್ಲಿನ ಗಣಿಗಳಿಗೆ ತಲುಪಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಮುಚ್ಚಲ್ಪಟ್ಟ ಮೇಲೆ ಊರಿನ ಆರ್ಥಿಕ ಜೀವನದ ಭಾರವು ಬಿ.ಇ.ಎಂ.ಎಲ್. ಕಾರ್ಖಾನೆ, ರಾಬರ್ಟ್‌ಸನ್‌ಪೇಟೆ ಮತ್ತು ಆಂಡರ್‌ಸನ್‌ಪೇಟೆಯ ವ್ಯಾಪಾರ, ಬಂಗಾರಪೇಟೆಯ ಅಕ್ಕಿ ಗಿರಣಿಗಳು ಹಾಗೂ ನಿತ್ಯವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ದುಡಿಮೆಗಾರರ ಮೇಲೆ ಬಿದ್ದಿದೆ. ಇಂತಹ ಊರಿನಲ್ಲಿ ಸಣ್ಣ ಉದ್ದಿಮೆಯೊಂದು ತನ್ನ ಲೆಕ್ಕವನ್ನು ಕಳೆದುಕೊಂಡರೆ ಅದರ ಪೆಟ್ಟು ಮಾಲೀಕನೊಬ್ಬನಿಗೇ ಸೀಮಿತವಾಗಿ ಉಳಿಯುವುದಿಲ್ಲ. ಆದಕಾರಣ ಹೊಸ ಯಂತ್ರವನ್ನು ಸಜ್ಜುಗೊಳಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಳೆಯ ಯಂತ್ರವನ್ನು ಬಿಡುವ ಮುನ್ನ

ಹೊಸ ಯಂತ್ರದ ಕೆಲಸ ಹಳೆಯ ಯಂತ್ರದಿಂದಲೇ ಆರಂಭವಾಗುತ್ತದೆ. ಹಳೆಯದನ್ನು ವಿನಿಮಯಕ್ಕೆ ಕೊಡುವ ಅಥವಾ ಅದರ ಡಿಸ್ಕನ್ನು ಅಳಿಸುವ ಮೊದಲು ಮೂರು ಕಾರ್ಯಗಳನ್ನು ಮುಗಿಸಿರಬೇಕು.

ಮೊದಲನೆಯದಾಗಿ, ಲೆಕ್ಕಪತ್ರ ತಂತ್ರಾಂಶದ ಪರವಾನಗಿ. ಟ್ಯಾಲಿಯಂತಹ ತಂತ್ರಾಂಶಗಳಲ್ಲಿ ಪರವಾನಗಿಯು ಒಂದು ಯಂತ್ರದಲ್ಲಿ ಸಕ್ರಿಯಗೊಂಡಿರುತ್ತದೆ. ಹಳೆಯ ಯಂತ್ರದಲ್ಲಿ ಅದನ್ನು ಕ್ರಮಬದ್ಧವಾಗಿ ‘ಸರೆಂಡರ್’ ಮಾಡಿದ ನಂತರ ಹೊಸ ಯಂತ್ರದಲ್ಲಿ ಸಕ್ರಿಯಗೊಳಿಸುವುದು ಸರಿಯಾದ ಪದ್ಧತಿ. ಈ ಹೆಜ್ಜೆಯನ್ನು ಮರೆತು ಡಿಸ್ಕನ್ನು ಅಳಿಸಿದರೆ, ಹಣ ಕೊಟ್ಟು ಕೊಂಡ ಪರವಾನಗಿಯನ್ನು ಮರಳಿ ಪಡೆಯಲು ಅನಗತ್ಯ ಅಲೆದಾಟವಾಗುತ್ತದೆ.

ಎರಡನೆಯದಾಗಿ, ಲೆಕ್ಕದ ದತ್ತಾಂಶ ಇರುವ ಫೋಲ್ಡರ್. ಅದು ಯಾವ ಡ್ರೈವಿನಲ್ಲಿದೆ ಎಂಬುದು ಎಷ್ಟೋ ಸಂಸ್ಥೆಗಳಲ್ಲಿ ಲೆಕ್ಕ ಬರೆಯುವವರೊಬ್ಬರಿಗೆ ಮಾತ್ರ ತಿಳಿದಿರುತ್ತದೆ. ಮಾಲೀಕರು ಆ ಸ್ಥಳವನ್ನು ತಾವೇ ನೋಡಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಹಿಂದಿನ ಎಲ್ಲ ವರ್ಷಗಳ ದತ್ತಾಂಶವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು.

ಮೂರನೆಯದಾಗಿ, ಡಿಜಿಟಲ್ ಸಹಿಯ ಟೋಕನ್, ಮುದ್ರಕ, ತೂಕದ ಯಂತ್ರ ಮತ್ತು ಬಾರ್‌ಕೋಡ್ ಓದುವ ಸಾಧನಗಳಿಗೆ ಬೇಕಾದ ಡ್ರೈವರ್ ತಂತ್ರಾಂಶಗಳ ಪಟ್ಟಿ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕವಾಗಲಿ, ಗಿರಣಿಯ ತೂಕದ ಸೇತುವೆಗೆ ಜೋಡಿಸಿದ ತಂತ್ರಾಂಶವಾಗಲಿ ಹೊಸ ವ್ಯವಸ್ಥೆಯಲ್ಲಿ ನಡೆಯುವುದೇ ಎಂಬುದನ್ನು ಯಂತ್ರ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳುವುದು ಲೇಸು.

ಕಾರ್ಯಾಚರಣ ವ್ಯವಸ್ಥೆ

ಟ್ಯಾಲಿ ಮತ್ತು ಡಿಜಿಟಲ್ ಸಹಿಯ ಸಾಧನಗಳನ್ನು ಬಳಸುವ ಬಹುಪಾಲು ವರ್ತಕರಿಗೆ ವಿಂಡೋಸ್ 11 ಸಹಜವಾದ ಆಯ್ಕೆ. ಇದಕ್ಕೆ ಕನಿಷ್ಠ 4 ಜಿ.ಬಿ. ಸ್ಮೃತಿ, 64 ಜಿ.ಬಿ. ಸಂಗ್ರಹಣೆ ಮತ್ತು ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಬೇಕು. ಇದು ಕೇವಲ ಕನಿಷ್ಠ ಮಿತಿ. ದಿನವಿಡೀ ಬಿಲ್ಲು ಹಾಕುವ ಯಂತ್ರಕ್ಕೆ 8 ಜಿ.ಬಿ. ಸ್ಮೃತಿ ಮತ್ತು ಎಸ್.ಎಸ್.ಡಿ. ಮಾದರಿಯ ಡಿಸ್ಕ್ ಇರುವುದು ಉಚಿತ. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಬಳಸುವುದರಿಂದ ದೊರೆಯುವ ವೇಗ, ದುಬಾರಿ ಪ್ರೊಸೆಸರ್‌ನಿಂದ ದೊರೆಯುವುದಕ್ಕಿಂತ ಹೆಚ್ಚು ಅನುಭವಕ್ಕೆ ಬರುತ್ತದೆ.

ಯಂತ್ರವನ್ನು ಮೊದಲ ಬಾರಿಗೆ ಚಾಲನೆಗೊಳಿಸುವಾಗ ಮಾಲೀಕರು ಎದುರಿಗೆ ಇರಬೇಕು. ವಿಂಡೋಸ್ 11ರ ಹೋಮ್ ಆವೃತ್ತಿಯು ಮೈಕ್ರೋಸಾಫ್ಟ್ ಖಾತೆಯನ್ನು ಕೇಳುತ್ತದೆ. ಅವಸರದಲ್ಲಿ ಜೋಡಿಸುವವನು ತನ್ನದೇ ಇ-ಮೇಲ್ ವಿಳಾಸವನ್ನು ನಮೂದಿಸಿಬಿಡುವ ಸಂಭವವಿದೆ. ಅನೇಕ ಹೊಸ ಯಂತ್ರಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ತಾನಾಗಿಯೇ ಜಾರಿಯಾಗಿ, ಅದನ್ನು ಬಿಡಿಸುವ 48 ಅಂಕಿಗಳ ಕೀಲಿಯು ಆ ಖಾತೆಯಲ್ಲಿ ಸಂಗ್ರಹವಾಗುತ್ತದೆ. ಮುಂದೊಂದು ದಿನ ಮದರ್‌ಬೋರ್ಡ್ ಕೆಟ್ಟು ಯಂತ್ರವು ಆ ಕೀಲಿಯನ್ನು ಕೇಳಿದಾಗ, ಅದು ಪರರ ಖಾತೆಯಲ್ಲಿದ್ದರೆ ಸಂಸ್ಥೆಯ ಲೆಕ್ಕವೆಲ್ಲ ಬೀಗ ಹಾಕಿದ ಪೆಟ್ಟಿಗೆಯಾಗಿ ಉಳಿಯುತ್ತದೆ. ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕ ಇ-ಮೇಲ್ ತೆರೆದು ಅದನ್ನೇ ಬಳಸಬೇಕು. ಕೀಲಿಯನ್ನು ಮುದ್ರಿಸಿ ಪತ್ರಗಳ ಬೀರುವಿನಲ್ಲಿ ಇಡಬೇಕು.

ವಿಂಡೋಸ್ 11ಕ್ಕೆ ಅರ್ಹವಲ್ಲದ, ಆದರೆ ಇನ್ನೂ ಗಟ್ಟಿಯಾಗಿರುವ ಹಳೆಯ ಯಂತ್ರಗಳನ್ನು ಎಸೆಯಬೇಕಾಗಿಲ್ಲ. ಉಬುಂಟು ಅಥವಾ ಲಿನಕ್ಸ್ ಮಿಂಟ್‌ನಂತಹ ಉಚಿತ ವ್ಯವಸ್ಥೆಗಳನ್ನು ಅವುಗಳಲ್ಲಿ ಅಳವಡಿಸಿ ಪತ್ರ ಬರೆಯಲು, ಅಂತರಜಾಲ ನೋಡಲು, ದರಪಟ್ಟಿ ತಯಾರಿಸಲು ಬಳಸಬಹುದು. ನೆರೆಯ ಕೇರಳವು ತನ್ನ ಸರ್ಕಾರಿ ಶಾಲೆಗಳ ಗಣಕಶಿಕ್ಷಣವನ್ನು ಇಂತಹ ಸ್ವತಂತ್ರ ತಂತ್ರಾಂಶದ ಮೇಲೆಯೇ ನಡೆಸಿಕೊಂಡು ಬಂದಿದೆ. ಆದರೆ ಟ್ಯಾಲಿಯು ವಿಂಡೋಸ್‌ಗಾಗಿ ರೂಪುಗೊಂಡ ತಂತ್ರಾಂಶವಾದ್ದರಿಂದ, ಲೆಕ್ಕ ಬರೆಯುವ ಮುಖ್ಯ ಯಂತ್ರಕ್ಕೆ ಈ ಮಾರ್ಗ ಸಾಮಾನ್ಯವಾಗಿ ಹೊಂದುವುದಿಲ್ಲ.

ಅಸಲು ಮತ್ತು ನಕಲು

‘ಎಲ್ಲವನ್ನೂ ಹಾಕಿಕೊಡುತ್ತೇನೆ’ ಎಂಬ ಮಾರಾಟಗಾರನ ಮಾತಿನಲ್ಲಿ ಎಷ್ಟು ತಂತ್ರಾಂಶಗಳು ಪರವಾನಗಿ ಉಳ್ಳವು ಎಂಬುದನ್ನು ಕೇಳಲೇಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 63-ಬಿ ಪ್ರಕರಣದ ಪ್ರಕಾರ, ಕದ್ದ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಬಿಲ್ಲಿನಲ್ಲಿ ಪ್ರತಿ ತಂತ್ರಾಂಶದ ಹೆಸರನ್ನೂ ಪ್ರತ್ಯೇಕವಾಗಿ ನಮೂದಿಸಲು ಹೇಳಿದರೆ ಈ ಸಂದೇಹ ಅಲ್ಲಿಯೇ ಬಗೆಹರಿಯುತ್ತದೆ. ನೋಂದಾಯಿತ ವರ್ತಕರಿಗೆ ಅದರ ಮೇಲಿನ ಜಿ.ಎಸ್.ಟಿ. ಹೂಡುವಳಿ ತೆರಿಗೆಯಾಗಿಯೂ ಒದಗುತ್ತದೆ.

ಕಾನೂನಿಗಿಂತಲೂ ಹತ್ತಿರದ ಅಪಾಯ ಇನ್ನೊಂದಿದೆ. ನಕಲಿ ಪ್ರತಿಗಳನ್ನು ಸಕ್ರಿಯಗೊಳಿಸುವ ‘ಕ್ರ್ಯಾಕ್’ ಕಡತಗಳು ನಡೆಯಬೇಕಾದರೆ ವೈರಸ್ ನಿರೋಧಕವನ್ನು ಮೊದಲು ನಿಲ್ಲಿಸಬೇಕಾಗುತ್ತದೆ. ಬಾಗಿಲನ್ನು ತೆರೆದಿಟ್ಟ ಮೇಲೆ ಒಳಗೆ ಬಂದವರು ಯಾರೆಂದು ತಿಳಿಯುವ ಮಾರ್ಗವಿಲ್ಲ. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ಇದು ಸಲ್ಲದು.

ಲೆಕ್ಕಪತ್ರ ತಂತ್ರಾಂಶ

ಹೊಸ ಯಂತ್ರದಲ್ಲಿ ಹಣ ಕೊಟ್ಟು ಕೊಳ್ಳಲೇಬೇಕಾದ ತಂತ್ರಾಂಶ ಯಾವುದಾದರೂ ಇದ್ದರೆ ಅದು ಲೆಕ್ಕಪತ್ರದ್ದು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಿಂದ ಆರಂಭವಾಗಿ ಬೆಂಗಳೂರನ್ನು ನೆಲೆಯಾಗಿಸಿಕೊಂಡ ಟ್ಯಾಲಿ ಸಂಸ್ಥೆಯ ತಂತ್ರಾಂಶ ಈ ಕ್ಷೇತ್ರದಲ್ಲಿ ಬಹಳ ಪ್ರಚಲಿತ. ಅದರ ಈಗಿನ ರೂಪವಾದ ಟ್ಯಾಲಿಪ್ರೈಮ್ 2020ರಲ್ಲಿ ಬಿಡುಗಡೆಯಾಯಿತು. ಬ್ಯುಸಿ, ಮಾರ್ಗ್, ಝೋಹೋ ಬುಕ್ಸ್, ವ್ಯಾಪಾರ್ ಮೊದಲಾದವೂ ಬಳಕೆಯಲ್ಲಿವೆ. ಟ್ಯಾಲಿ ಬಲ್ಲ ಗುಮಾಸ್ತರು ಮತ್ತು ಲೆಕ್ಕಪರಿಶೋಧಕರು ಊರಿನಲ್ಲಿಯೇ ಸುಲಭವಾಗಿ ಸಿಗುತ್ತಾರೆಂಬುದು ಅದರ ದೊಡ್ಡ ಅನುಕೂಲ. ಅಂತರಜಾಲದ ಮೂಲಕ ನಡೆಯುವ ತಂತ್ರಾಂಶಗಳಲ್ಲಿ ಲೆಕ್ಕವನ್ನು ಎಲ್ಲಿಂದಲಾದರೂ ನೋಡಬಹುದು, ಆದರೆ ಸಂಪರ್ಕ ಕಡಿದಾಗ ಕೆಲಸ ನಿಲ್ಲಬಹುದು, ವಾರ್ಷಿಕ ಚಂದಾ ನಿಂತಾಗ ಹಳೆಯ ಲೆಕ್ಕ ನೋಡಲು ಅಡಚಣೆಯಾಗಬಹುದು. ಯಾವುದನ್ನೇ ಆರಿಸಿದರೂ ಕೇಳಬೇಕಾದ ಪ್ರಶ್ನೆಗಳು ಈ ಕೆಳಗಿನಂತಿವೆ.

*ರಾಜ್ಯದ ಗಡಿ.* ಬಂಗಾರಪೇಟೆ ಮತ್ತು ಕೆ.ಜಿ.ಎಫ್. ವರ್ತಕರಿಗೆ ಇದು ವಿಶೇಷವಾಗಿ ಅನ್ವಯಿಸುವ ಅಂಶ. ಕುಪ್ಪಂ, ವಿ.ಕೋಟ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಹೊಸೂರು, ಕೃಷ್ಣಗಿರಿ ತಮಿಳುನಾಡಿಗೆ ಸೇರಿದವು. ಕೋಲಾರಕ್ಕೆ ಸರಕು ಕಳುಹಿಸಿದರೆ ಕೇಂದ್ರ ಮತ್ತು ರಾಜ್ಯ ಜಿ.ಎಸ್.ಟಿ. ಎರಡೂ ಬೀಳುತ್ತವೆ, ಕುಪ್ಪಂಗೆ ಕಳುಹಿಸಿದರೆ ಸಮಗ್ರ ಜಿ.ಎಸ್.ಟಿ. ಬೀಳುತ್ತದೆ. ಗಿರಾಕಿಯ ಜಿ.ಎಸ್.ಟಿ. ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ತಮಿಳುನಾಡಿಗೆ 33, ಆಂಧ್ರಪ್ರದೇಶಕ್ಕೆ 37. ಈ ಸಂಕೇತವನ್ನು ನೋಡಿ, ಪಕ್ಷದ ಖಾತೆಯಲ್ಲಿ ಬರೆದ ರಾಜ್ಯಕ್ಕೆ ಅದು ತಾಳೆಯಾಗದಿದ್ದರೆ ಎಚ್ಚರಿಸುವ ತಂತ್ರಾಂಶವೇ ಇಲ್ಲಿಗೆ ಯೋಗ್ಯ. ತಪ್ಪು ತಲೆಬರಹದಲ್ಲಿ ಕಟ್ಟಿದ ತೆರಿಗೆಯನ್ನು ಮರುಪಾವತಿಯಾಗಿ ಪಡೆಯಬಹುದಾದರೂ, ಸರಿಯಾದ ತಲೆಬರಹದಲ್ಲಿ ಮತ್ತೆ ಹಣ ಕಟ್ಟಿ ಕಾಯಬೇಕಾಗುತ್ತದೆ. ಬಂಡವಾಳ ಕಡಿಮೆ ಇರುವವರಿಗೆ ಇದು ಸಣ್ಣ ವಿಷಯವಲ್ಲ.

*ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್.* 2017-18ರಿಂದ ಈಚೆಗೆ ಯಾವುದೇ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು ವಹಿವಾಟು 5 ಕೋಟಿ ರೂಪಾಯಿ ಮೀರಿದ್ದರೆ, ನೋಂದಾಯಿತ ವರ್ತಕರಿಗೆ ಮಾಡುವ ತೆರಿಗೆಯುಳ್ಳ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಅಕ್ಕಿ ಗಿರಣಿಗಳವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಿನಾಯಿತಿ ಇರುವ ಸರಕಿನ ಮಾರಾಟಕ್ಕೆ ಇ-ಇನ್‌ವಾಯ್ಸ್ ಬೇಕಿಲ್ಲ. ಆದರೆ 5 ಕೋಟಿಯ ಲೆಕ್ಕ ಹಾಕುವಾಗ ವಿನಾಯಿತಿ ಇರುವ ಸರಕಿನ ವಹಿವಾಟೂ ಸೇರುತ್ತದೆ. ಆದ್ದರಿಂದ ವರ್ಷಕ್ಕೆ 6 ಕೋಟಿ ರೂಪಾಯಿಯ ಅಕ್ಕಿಯನ್ನು ಹೆಚ್ಚಾಗಿ ವಿನಾಯಿತಿಯಲ್ಲಿಯೇ ಮಾರುವ ಗಿರಣಿಯೊಂದು, ತಾನು ಮಾರುವ ಅಲ್ಪ ಪ್ರಮಾಣದ ತೆರಿಗೆಯುಳ್ಳ ಸರಕಿಗೆ ಇ-ಇನ್‌ವಾಯ್ಸ್ ಮಾಡಲೇಬೇಕು. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ 25 ಕಿಲೋವರೆಗಿನ ಅಕ್ಕಿಗೆ ಶೇ. 5ರ ತೆರಿಗೆ ಬಂದಿರುವುದರಿಂದ ಒಂದೇ ಗಿರಣಿಯಲ್ಲಿ ಎರಡೂ ಬಗೆಯ ಬಿಲ್ಲುಗಳು ಹುಟ್ಟುತ್ತವೆ. ಒಂದೇ ಅಕ್ಕಿಯನ್ನು 25 ಕಿಲೋ ಚೀಲಕ್ಕೆ ಒಂದು ಸರಕಾಗಿ, 50 ಕಿಲೋ ಚೀಲಕ್ಕೆ ಬೇರೊಂದು ಸರಕಾಗಿ ತಂತ್ರಾಂಶದಲ್ಲಿ ತೆರೆದರೆ ಗುಮಾಸ್ತರು ಪ್ರತಿ ಬಿಲ್ಲಿನಲ್ಲಿಯೂ ತೆರಿಗೆಯ ಬಗ್ಗೆ ಯೋಚಿಸುವ ಅಗತ್ಯ ಬೀಳುವುದಿಲ್ಲ.

ಇ-ಇನ್‌ವಾಯ್ಸ್ ಕಡ್ಡಾಯವಿರುವಲ್ಲಿ ಅದಿಲ್ಲದೆ ಕೊಟ್ಟ ಬಿಲ್ಲು ಕಾನೂನಿನ ದೃಷ್ಟಿಯಲ್ಲಿ ಬಿಲ್ಲೇ ಅಲ್ಲ. ಕೊಂಡವನಿಗೆ ಹೂಡುವಳಿ ತೆರಿಗೆ ತಪ್ಪುತ್ತದೆ, ಆತ ಮುಂದಿನ ಬಾರಿ ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ. ವಹಿವಾಟು ಹೆಚ್ಚಿರುವವರು ಬಿಲ್ಲಿನ ಪರದೆಯಿಂದಲೇ ಇ-ಇನ್‌ವಾಯ್ಸ್ ಮತ್ತು ಇ-ವೇ ಬಿಲ್ ಎರಡನ್ನೂ ಪಡೆಯುವ ಸೌಲಭ್ಯವಿರುವ ತಂತ್ರಾಂಶವನ್ನೇ ಕೊಳ್ಳಬೇಕು. ದಿನಕ್ಕೆ ಒಂದೆರಡು ಬಿಲ್ಲುಗಳಷ್ಟೇ ಇರುವವರಿಗೆ ಸರ್ಕಾರಿ ಜಾಲತಾಣಗಳಲ್ಲಿ ಸಿಗುವ ಉಚಿತ ಸಾಧನಗಳು ಸಾಕು. 2025ರ ಏಪ್ರಿಲ್ 1ರಿಂದ ಈ ಜಾಲತಾಣಗಳ ಪ್ರವೇಶಕ್ಕೆ ಎಲ್ಲರಿಗೂ ಎರಡು ಹಂತದ ದೃಢೀಕರಣ ಕಡ್ಡಾಯವಾಗಿದೆ. ನೋಂದಾಯಿತ ಮೊಬೈಲ್ ಸಂಖ್ಯೆ ಕೆಲಸ ಬಿಟ್ಟುಹೋದ ಗುಮಾಸ್ತನದಾಗಿದ್ದರೆ ಲಾರಿ ಗಿರಣಿಯ ಬಾಗಿಲಿನಲ್ಲಿಯೇ ನಿಲ್ಲುತ್ತದೆ. ಹೊಸ ಯಂತ್ರದ ಜೊತೆಗೆ ಆ ಸಂಖ್ಯೆಯನ್ನೂ ಪರಿಶೀಲಿಸಬೇಕು.

*ತೆರಿಗೆ ದರದ ಬದಲಾವಣೆ.* 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು ಬೇರೆ ದರಗಳಿಗೆ ವರ್ಗವಾದವು. ಅಂತಹ ಸಂದರ್ಭದಲ್ಲಿ ಹಳೆಯ ದರವನ್ನು ಅಳಿಸಿ ಹೊಸದನ್ನು ಬರೆದರೆ ಹಿಂದಿನ ಲೆಕ್ಕ ಕಲಸಿಹೋಗುತ್ತದೆ. ಆಗಸ್ಟಿನಲ್ಲಿ ಮಾರಿದ ಸರಕು ಅಕ್ಟೋಬರಿನಲ್ಲಿ ಹಿಂದಿರುಗಿದರೆ ಕ್ರೆಡಿಟ್ ನೋಟಿನಲ್ಲಿ ಮೂಲ ಮಾರಾಟದ ದರವೇ ಬರಬೇಕು. ಆದ್ದರಿಂದ ದರದ ಪಕ್ಕದಲ್ಲಿ ಅದು ಜಾರಿಗೆ ಬಂದ ದಿನಾಂಕವನ್ನೂ ಬರೆಯಲು ಅವಕಾಶ ಕೊಡುವ ತಂತ್ರಾಂಶ ಬೇಕು.

*ತಿದ್ದುಪಡಿಯ ದಾಖಲೆ.* ಸಂಸ್ಥೆಯು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ, 2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲಾಗದ ತಂತ್ರಾಂಶದಲ್ಲಿಯೇ ಲೆಕ್ಕ ಬರೆಯಬೇಕೆಂಬ ನಿಯಮವಿದೆ. ಏಕವ್ಯಕ್ತಿ ಮಾಲೀಕತ್ವ ಮತ್ತು ಪಾಲುದಾರಿಕೆಯ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ಗುಮಾಸ್ತರ ಕೈಯಲ್ಲಿ ರೋಕಡ ನಡೆಯುವ ಅಂಗಡಿಗಳಲ್ಲಿ ಈ ಸೌಲಭ್ಯದಿಂದ ಮಾಲೀಕರಿಗೂ ನಿಶ್ಚಿಂತೆ, ಪ್ರಾಮಾಣಿಕ ಗುಮಾಸ್ತರಿಗೂ ರಕ್ಷಣೆ.

*ಹೊರಬರುವ ದಾರಿ.* ಇಂದು ಕೊಳ್ಳುವ ತಂತ್ರಾಂಶವನ್ನು ನಾಳೆ ಬಿಡಬೇಕಾಗಿ ಬಂದರೆ ಖಾತೆಗಳು, ಸರಕಿನ ಪಟ್ಟಿ, ಬಿಲ್ಲುಗಳು ಇವೆಲ್ಲವನ್ನೂ ಎಕ್ಸೆಲ್ ರೂಪದಲ್ಲಿ ಹೊರತೆಗೆಯಲು ಸಾಧ್ಯವೇ ಎಂದು ಕೇಳಬೇಕು. ಮಾರಾಟಗಾರನು ಪ್ರಾತ್ಯಕ್ಷಿಕೆ ನೀಡುವಾಗ ಇದನ್ನು ಮಾಡಿ ತೋರಿಸುವಂತೆ ಹೇಳಬೇಕು. ಒಳಗೆ ಹೋಗುವ ದಾರಿಯನ್ನು ಎಲ್ಲರೂ ತೋರಿಸುತ್ತಾರೆ, ಹೊರಬರುವ ದಾರಿಯನ್ನು ಕೇಳಿದವರಿಗೆ ಮಾತ್ರ ತೋರಿಸುತ್ತಾರೆ.

ಪತ್ರ, ಕೋಷ್ಟಕ ಮತ್ತು ಇತರ ಸಾಮಾನ್ಯ ತಂತ್ರಾಂಶಗಳು

ದರಪಟ್ಟಿ, ಕೂಲಿಯ ಕೋಷ್ಟಕ, ಬ್ಯಾಂಕಿಗೆ ಪತ್ರ ಇವಿಷ್ಟೇ ಕೆಲಸವಿದ್ದರೆ ಲಿಬ್ರೆಆಫೀಸ್ ಸಾಕಾಗುತ್ತದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ತಂತ್ರಾಂಶ ವ್ಯಾಪಾರದ ಬಳಕೆಗೂ ಸಂಪೂರ್ಣ ಉಚಿತ, ಅದರ ಪರದೆ ಕನ್ನಡದಲ್ಲಿಯೂ ದೊರೆಯುತ್ತದೆ. ಮ್ಯಾಕ್ರೋ ಅಳವಡಿಸಿದ ಎಕ್ಸೆಲ್ ನಮೂನೆಗಳನ್ನು ತುಂಬಬೇಕಾದವರು ಮಾತ್ರ ಮೈಕ್ರೋಸಾಫ್ಟ್ ಆಫೀಸನ್ನು ಕೊಳ್ಳುವುದು ಮೇಲು. ತೆರಿಗೆ ಇಲಾಖೆಗಳ ಕೆಲವು ಆಫ್‌ಲೈನ್ ಸಾಧನಗಳು ಎಕ್ಸೆಲ್‌ನಲ್ಲಿಯೇ ನಡೆಯುವುದರಿಂದ, ರಿಟರ್ನ್ ಯಾರು ತುಂಬುತ್ತಾರೆಂಬುದನ್ನು ಅವಲಂಬಿಸಿ ನಿರ್ಧರಿಸಬೇಕು. ಲೆಕ್ಕಪರಿಶೋಧಕರ ಕಚೇರಿಯಲ್ಲಿಯೇ ತುಂಬುವುದಾದರೆ ಅಂಗಡಿಯ ಯಂತ್ರಕ್ಕೆ ಆ ವೆಚ್ಚ ಬೇಕಿಲ್ಲ.

ಕಡತಗಳನ್ನು ಕುಗ್ಗಿಸಲು ಮತ್ತು ಬಿಡಿಸಲು 7-ಜಿಪ್, ಪಿ.ಡಿ.ಎಫ್. ಓದಲು ಸುಮಾತ್ರಾ ಪಿ.ಡಿ.ಎಫ್., ಅಂತರಜಾಲಕ್ಕೆ ಫೈರ್‌ಫಾಕ್ಸ್ ಅಥವಾ ಕ್ರೋಮ್ ಇವೆಲ್ಲ ಉಚಿತವಾಗಿ ಸಿಗುತ್ತವೆ. ಇವುಗಳನ್ನು ಅವುಗಳ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕಾಟದ ಫಲಿತಾಂಶದ ಮೇಲ್ಭಾಗದಲ್ಲಿ ಬರುವ ಜಾಹೀರಾತಿನ ಕೊಂಡಿಗಳಿಂದ ಇಳಿಸಬಾರದು.

ಕನ್ನಡ ಮತ್ತು ನೆರೆಯ ಭಾಷೆಗಳು

ಕೆ.ಜಿ.ಎಫ್. ಅಂಗಡಿಯೊಂದರಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಈ ನಾಲ್ಕು ಭಾಷೆಗಳೂ ಒಂದೇ ದಿನ ಕೇಳಿಬರುತ್ತವೆ. ಪುರಸಭೆ, ನಗರಸಭೆ ಮತ್ತು ತಾಲ್ಲೂಕು ಕಚೇರಿಗಳಿಗೆ ಪತ್ರ ಕನ್ನಡದಲ್ಲಿ ಹೋಗಬೇಕು. ಗಡಿಯಾಚೆಯ ಗಿರಾಕಿಗೆ ದರಪಟ್ಟಿ ತೆಲುಗಿನಲ್ಲಿಯೋ ತಮಿಳಿನಲ್ಲಿಯೋ ಹೋದರೆ ಅನುಕೂಲ. ಆದಕಾರಣ ಹೊಸ ಯಂತ್ರದ ಭಾಷಾ ಸಜ್ಜಿಕೆಯನ್ನು ಕೊನೆಗೆ ತಳ್ಳುವಂತಿಲ್ಲ.

1998ರಲ್ಲಿ ಬಂದ ‘ಬರಹ’ ಮತ್ತು ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶಗಳು ಕನ್ನಡವನ್ನು ಕಚೇರಿಗಳಿಗೆ ತಂದವು. ನುಡಿಯ ಕೀಲಿಮಣೆಗೆ ಆಧಾರವಾದ ವಿನ್ಯಾಸ ಕೆ.ಪಿ. ರಾವ್ ಅವರದು. ಈ ತಂತ್ರಾಂಶಗಳ ಆರಂಭದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿದ ಅಕ್ಷರಶೈಲಿಗಳು ಬಳಕೆಯಲ್ಲಿದ್ದವು. ಅಂತಹ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮಾತ್ರ ಕಾಣುತ್ತವೆ. ಗಿರಾಕಿಯ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ಕ್ರಮ ತಪ್ಪುತ್ತದೆ.

ಯೂನಿಕೋಡ್ ಶಿಷ್ಟತೆಯಲ್ಲಿ ಪ್ರತಿ ಲಿಪಿಗೂ ತನ್ನದೇ ಸಂಕೇತಗಳಿರುವುದರಿಂದ ಒಂದೇ ಪುಟದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಕೂಡಿ ಬಾಳಬಲ್ಲವು. ಕರ್ನಾಟಕ ಸರ್ಕಾರವೂ 2012ರಲ್ಲಿ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತು. ಇಂದಿನ ವಿಂಡೋಸ್‌ನಲ್ಲಿ ಕನ್ನಡದ ಅಕ್ಷರಶೈಲಿಯೂ ಕೀಲಿಮಣೆಯೂ ಅಂತರ್ಗತವಾಗಿವೆ, ಭಾಷಾ ಆಯ್ಕೆಯಲ್ಲಿ ಕನ್ನಡವನ್ನು ಸೇರಿಸಿದರಾಯಿತು. ಉಚ್ಚಾರಣೆಯಂತೆ ಬೆರಳಚ್ಚಿಸುವ ಸೌಲಭ್ಯವು 2019ರಿಂದ ದೊರೆತಿದೆ. ನುಡಿಯ ವಿನ್ಯಾಸಕ್ಕೆ ಒಗ್ಗಿದವರು ನುಡಿಯನ್ನೇ ಯೂನಿಕೋಡ್ ಸ್ಥಿತಿಯಲ್ಲಿ ಬಳಸಬೇಕು.

ಹಳೆಯ ಯಂತ್ರದಲ್ಲಿರುವ ಹಳೆಯ ಶೈಲಿಯ ಪತ್ರಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸಬಹುದು. ಎಲ್ಲವನ್ನೂ ತಿರುಗಿಸುವ ಗೊಡವೆ ಬೇಡ. ಬಾಡಿಗೆ ಕರಾರು, ಪರವಾನಗಿ ಅರ್ಜಿ, ಪಾಲುದಾರಿಕೆ ಪತ್ರಗಳಂತಹ ಮತ್ತೆ ಬಳಸಬೇಕಾದವನ್ನು ಪರಿವರ್ತಿಸಿ, ಒತ್ತಕ್ಷರಗಳನ್ನೂ ಅಂಕಿಗಳನ್ನೂ ಕಣ್ಣಿನಿಂದ ಓದಿ ತಾಳೆ ನೋಡಿದರೆ ಸಾಕು.

ತಯಾರಿಕಾ ಘಟಕಗಳಿಗೆ ವಿಶೇಷ ಸೂಚನೆಗಳು

ಬಿಡಿಭಾಗ ಮತ್ತು ಫ್ಯಾಬ್ರಿಕೇಷನ್ ಕೆಲಸದ ಘಟಕಗಳಿಗೆ ದೊಡ್ಡ ಕಾರ್ಖಾನೆಗಳಿಂದ ನಕ್ಷೆಗಳು ಪಿ.ಡಿ.ಎಫ್., ಡಿ.ಡಬ್ಲ್ಯು.ಜಿ. ಅಥವಾ ಸ್ಟೆಪ್ ರೂಪದಲ್ಲಿ ಬರುತ್ತವೆ. ಮೂರು ಆಯಾಮದ ಸ್ಟೆಪ್ ಕಡತವನ್ನು ತೆರೆದು ಅಳತೆ ನೋಡಲು ಫ್ರೀಕ್ಯಾಡ್ ಉಪಯುಕ್ತ, ಇದರ 1.0 ಆವೃತ್ತಿ 2024ರ ನವೆಂಬರಿನಲ್ಲಿ ಬಂದಿತು. ಎರಡು ಆಯಾಮದ ಸರಳ ನಕ್ಷೆಗಳಿಗೆ ಲಿಬ್ರೆಕ್ಯಾಡ್ ಇದೆ, ಆದರೆ ಡಿ.ಡಬ್ಲ್ಯು.ಜಿ. ಕಡತಗಳನ್ನು ಅದು ಪೂರ್ಣವಾಗಿ ಓದುತ್ತದೆಂದು ನಂಬುವಂತಿಲ್ಲ. ನಕ್ಷೆ ಕಳುಹಿಸುವವರನ್ನು ಡಿ.ಎಕ್ಸ್.ಎಫ್. ರೂಪದಲ್ಲಿಯೂ ಕೇಳಿ ಪಡೆಯುವುದು ಸುರಕ್ಷಿತ. ಕತ್ತರಿಸುವ ಮುನ್ನ ಒಂದೆರಡು ಅಳತೆಗಳನ್ನು ಪಿ.ಡಿ.ಎಫ್. ಪ್ರತಿಯೊಂದಿಗೆ ಹೋಲಿಸಿ ನೋಡಬೇಕು. ಮಿಲಿಮೀಟರ್ ಮತ್ತು ಅಂಗುಲದ ಗೊಂದಲದಿಂದ ಹಾಳಾಗುವ ಉಕ್ಕಿನ ಹಾಳೆಯ ಬೆಲೆ ತಂತ್ರಾಂಶದ ಬೆಲೆಯನ್ನು ಮೀರಬಹುದು.

ಸಾರ್ವಜನಿಕ ವಲಯದ ಕಾರ್ಖಾನೆಗಳಿಗೂ ಸರ್ಕಾರಿ ಇಲಾಖೆಗಳಿಗೂ ಸರಕು ಒದಗಿಸುವವರು 2016ರಲ್ಲಿ ಆರಂಭವಾದ ಜೆಮ್ ಮಾರುಕಟ್ಟೆ ತಾಣ ಮತ್ತು ರಾಜ್ಯದ ಸಾರ್ವಜನಿಕ ಸಂಗ್ರಹಣಾ ತಾಣಗಳನ್ನು ಬಳಸಬೇಕಾಗುತ್ತದೆ. ಟೆಂಡರ್ ತಾಣಗಳಲ್ಲಿ ಬೇಕಾಗುವ ಡಿಜಿಟಲ್ ಸಹಿಯು 2021ರಿಂದ 3ನೆಯ ದರ್ಜೆಯದ್ದೇ ಆಗಿರುತ್ತದೆ. ಟೋಕನ್ನಿನ ಡ್ರೈವರ್ ಮತ್ತು ಸಹಿ ಮಾಡುವ ಸಹಾಯಕ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಅಳವಡಿಸಿ, ಟೆಂಡರಿನ ಕೊನೆಯ ದಿನಕ್ಕೆ ಕನಿಷ್ಠ ಒಂದು ವಾರ ಮೊದಲು ಪರೀಕ್ಷಿಸಿರಬೇಕು. ಟೋಕನ್ ಎಂದರೆ ಮಾಲೀಕರ ಸಹಿಯೇ. ಅದನ್ನು ಯಂತ್ರಕ್ಕೆ ಸಿಕ್ಕಿಸಿ ಬಿಟ್ಟುಹೋಗುವುದು, ಸಹಿ ಮಾಡಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟುಹೋದಂತೆ.

ರಕ್ಷಣೆ ಮತ್ತು ಮರುಪ್ರತಿ

2017ರ ಮೇ 12ರಂದು ‘ವಾನಾಕ್ರೈ’ ಎಂಬ ಒತ್ತೆಹಣದ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೂ ರೆನೋ ಕಂಪನಿಯ ಕಾರ್ಖಾನೆಗಳನ್ನೂ ನಿಲ್ಲಿಸಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ಪರಿಹಾರವನ್ನು ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಂಡ ಯಂತ್ರಗಳು ಉಳಿದವು, ‘ಆಮೇಲೆ’ ಎಂದು ಮುಂದೂಡಿದವು ಸಿಕ್ಕಿಕೊಂಡವು. ಪರಿಷ್ಕರಣೆಗಳು ಬರುವ ವ್ಯವಸ್ಥೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ವಿಂಡೋಸ್‌ನೊಂದಿಗೇ ಬರುವ ಡಿಫೆಂಡರ್ ವೈರಸ್ ನಿರೋಧಕವು ಸಣ್ಣ ಸಂಸ್ಥೆಗಳಿಗೆ ಸಾಕಾಗುತ್ತದೆ. ಬೇರೆ ನಿರೋಧಕವನ್ನು ಕೊಂಡರೆ ಒಂದನ್ನೇ ಇಡಬೇಕು, ಎರಡು ಕೂಡಿದರೆ ಯಂತ್ರ ನಿಧಾನವಾಗುತ್ತದೆ. ಗುಮಾಸ್ತರಿಗೆ ಸಾಮಾನ್ಯ ಬಳಕೆದಾರರ ಖಾತೆಯನ್ನೂ ಮಾಲೀಕರಿಗೆ ಆಡಳಿತಾಧಿಕಾರದ ಖಾತೆಯನ್ನೂ ಬೇರೆಬೇರೆಯಾಗಿ ತೆರೆಯಬೇಕು. ದೂರದಿಂದ ಯಂತ್ರವನ್ನು ನಿಯಂತ್ರಿಸುವ ಎನಿಡೆಸ್ಕ್‌ನಂತಹ ತಂತ್ರಾಂಶವನ್ನು ದುರಸ್ತಿಯ ಸಮಯದಲ್ಲಿ ಮಾತ್ರ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಬೇಕು. ಬ್ಯಾಂಕಿನಿಂದ ಎಂದು ಹೇಳಿ ಕರೆ ಮಾಡಿದವರ ಮಾತಿಗೆ ಅದನ್ನು ಎಂದಿಗೂ ತೆರೆಯಬಾರದು. ಹಣ ಹೋದುದು ತಿಳಿದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಮರುಪ್ರತಿಯ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಫ್ಯಾಬ್ರಿಕೇಷನ್ ಘಟಕವೊಂದು ತಿಂಗಳಿಗೆ 10 ಲಕ್ಷ ರೂಪಾಯಿಯ ಉಕ್ಕನ್ನು ಶೇ. 18ರ ತೆರಿಗೆ ಕೊಟ್ಟು ಕೊಳ್ಳುತ್ತದೆಂದು ಭಾವಿಸೋಣ. ಹೂಡುವಳಿ ತೆರಿಗೆಯಾಗಿ ಪಡೆಯುವ ಮೊತ್ತ ತಿಂಗಳಿಗೆ 1.8 ಲಕ್ಷ, ವರ್ಷಕ್ಕೆ 21.6 ಲಕ್ಷ ರೂಪಾಯಿ. ಜಿ.ಎಸ್.ಟಿ. ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. 2023-24ರ ಲೆಕ್ಕ 2030ರ ಡಿಸೆಂಬರ್ ಅಂತ್ಯದವರೆಗೂ ಇರಬೇಕು. ಈ ಅವಧಿಯಲ್ಲಿ ಪರಿಶೀಲನೆಯ ನೋಟೀಸು ಬಂದಾಗ ಖರೀದಿಯ ಬಿಲ್ಲು ಮತ್ತು ಖಾತೆಗಳನ್ನು ತೋರಿಸಲಾಗದಿದ್ದರೆ, ಅಷ್ಟು ಮೊತ್ತವೂ ಬಡ್ಡಿಯೊಂದಿಗೆ ವಿವಾದಕ್ಕೆ ಒಳಗಾಗುತ್ತದೆ. ಕಂಪನಿಗಳಾದರೆ ಲೆಕ್ಕವನ್ನು 8 ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕು ಮತ್ತು ಗಣಕದಲ್ಲಿರುವ ಲೆಕ್ಕದ ಮರುಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕು. ಗಣಕಯಂತ್ರದ ಡಿಸ್ಕಿಗೆ ಸಾಮಾನ್ಯವಾಗಿ ಇಷ್ಟು ವರ್ಷಗಳ ಖಾತರಿ ಇರುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಸ್ಥಳ: ಇದು ಎಲ್ಲೆಡೆ ಒಪ್ಪಿತವಾದ ಸೂತ್ರ. ಯಂತ್ರದಲ್ಲಿರುವುದು ಮೊದಲನೆಯ ಪ್ರತಿ. ಪ್ರತಿ ಸಂಜೆ ಹೊರಗಿನ ಡಿಸ್ಕಿಗೆ ತೆಗೆದು, ಕೂಡಲೇ ಕಳಚಿಡುವುದು ಎರಡನೆಯದು. ಅಂತರಜಾಲದ ಸಂಗ್ರಹಣೆಯಲ್ಲಿ ಅಥವಾ ಮಾಲೀಕರ ಮನೆಯಲ್ಲಿರುವುದು ಮೂರನೆಯದು. ಯಾವಾಗಲೂ ಯಂತ್ರಕ್ಕೆ ಸಿಕ್ಕಿಸಿಯೇ ಇರುವ ಡಿಸ್ಕನ್ನು ಮರುಪ್ರತಿಯೆಂದು ಎಣಿಸುವಂತಿಲ್ಲ, ಏಕೆಂದರೆ ಒತ್ತೆಹಣದ ತಂತ್ರಾಂಶವು ಅದನ್ನೂ ಕೆಡಿಸುತ್ತದೆ. ತಿಂಗಳಿಗೊಮ್ಮೆ ಮರುಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಬಿಲ್ಲು ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ದತ್ತಾಂಶ ಕೆಡುವ ಸಂಭವವಿರುವುದರಿಂದ ಯು.ಪಿ.ಎಸ್. ಇರಲೇಬೇಕು.

ಮೊದಲ ದಿನದ ಕ್ರಮ

1. ಹಳೆಯ ಯಂತ್ರದ ದತ್ತಾಂಶವನ್ನು ನಕಲು ಮಾಡಿ, ತೆರೆದು ಪರೀಕ್ಷಿಸಿ, ಪರವಾನಗಿಯನ್ನು ಸರೆಂಡರ್ ಮಾಡುವುದು.
2. ಸಂಸ್ಥೆಯ ಇ-ಮೇಲ್‌ನಿಂದ ಹೊಸ ಯಂತ್ರವನ್ನು ಚಾಲನೆಗೊಳಿಸಿ, ಗೂಢಲಿಪಿಯ ಕೀಲಿಯನ್ನು ಮುದ್ರಿಸಿಡುವುದು.
3. ಬೇರೇನನ್ನೂ ಅಳವಡಿಸುವ ಮೊದಲು ವಿಂಡೋಸ್ ಪರಿಷ್ಕರಣೆಗಳನ್ನು ಪೂರ್ಣಗೊಳಿಸುವುದು.
4. ಬೇಡದ ಪ್ರಾಯೋಗಿಕ ತಂತ್ರಾಂಶಗಳನ್ನು ತೆಗೆದುಹಾಕಿ, ಗುಮಾಸ್ತರಿಗೆ ಪ್ರತ್ಯೇಕ ಖಾತೆ ತೆರೆಯುವುದು.
5. ಮುದ್ರಕ, ಟೋಕನ್ ಮತ್ತು ತೂಕದ ಯಂತ್ರದ ಡ್ರೈವರ್‌ಗಳನ್ನು ಹಾಕುವುದು.
6. ಲೆಕ್ಕಪತ್ರ ತಂತ್ರಾಂಶವನ್ನು ಹಾಕಿ, ದತ್ತಾಂಶ ತಂದು, ರೋಕಡದ ಶಿಲ್ಕು ಮತ್ತು ಬಾಕಿ ಪಟ್ಟಿಯನ್ನು ಹಳೆಯದರೊಂದಿಗೆ ತಾಳೆ ನೋಡುವುದು.
7. ಕನ್ನಡ ಯೂನಿಕೋಡ್ ಕೀಲಿಮಣೆ ಮತ್ತು ಕಚೇರಿ ತಂತ್ರಾಂಶಗಳನ್ನು ಹಾಕುವುದು.
8. ಮೊದಲ ಮರುಪ್ರತಿಯನ್ನು ಅದೇ ಸಂಜೆ ತೆಗೆಯುವುದು.

ಆರನೆಯ ಹೆಜ್ಜೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಸ ಆವೃತ್ತಿಗೆ ಪರಿವರ್ತಿಸಿದ ದತ್ತಾಂಶವನ್ನು ಹಳೆಯ ಆವೃತ್ತಿ ತೆರೆಯದೆ ಹೋಗಬಹುದು. ಆದ್ದರಿಂದ ಪರಿವರ್ತನೆಗೆ ಮುಂಚಿನ ಪ್ರತಿಯನ್ನು ಬೇರೆಯಾಗಿ ಕಾದಿಡಬೇಕು. ತಿಂಗಳ ಕೊನೆಯಲ್ಲಾಗಲಿ, ರಿಟರ್ನ್ ಸಲ್ಲಿಸುವ ದಿನಗಳಲ್ಲಾಗಲಿ ಈ ಕೆಲಸಕ್ಕೆ ಕೈಹಾಕಬಾರದು.

ಒಟ್ಟಿನಲ್ಲಿ ಹೇಳುವುದಾದರೆ, ಸಣ್ಣ ವರ್ತಕರು ಹಣ ತೆರಬೇಕಾದುದು ಅಸಲಿ ವಿಂಡೋಸ್, ಲೆಕ್ಕಪತ್ರ ತಂತ್ರಾಂಶ ಮತ್ತು ಮರುಪ್ರತಿಯ ಡಿಸ್ಕ್ ಈ ಮೂರಕ್ಕೆ. ಉಳಿದುವೆಲ್ಲ ಬಹುಮಟ್ಟಿಗೆ ಉಚಿತವಾಗಿಯೇ, ಕಾನೂನುಬದ್ಧವಾಗಿಯೇ ದೊರೆಯುತ್ತವೆ. ಹಿಂದಿನ ತಲೆಮಾರಿನ ವರ್ತಕರು ಅಂಗಡಿಯ ಬಾಗಿಲು ಹಾಕುವ ಮೊದಲು ಕಿರ್ದಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಆ ಎಚ್ಚರವನ್ನು ಗಣಕಯಂತ್ರದ ಕಾಲದಲ್ಲಿಯೂ ಉಳಿಸಿಕೊಂಡ ಸಂಸ್ಥೆಗೆ, ಯಂತ್ರ ಕೆಟ್ಟರೆ ತಗಲುವುದು ಒಂದು ದಿನದ ತೊಂದರೆ ಮಾತ್ರ.